ಐದು ವರ್ಷದ ಸೂಜಿ

ಸೂಜಿ ಹೊರಗೆ ತೆಗೆದ ಮೇಲೆ ಶರಣಮ್ಮನ ಮೂಗಿನ ಎಡಪಕ್ಕದ ಚರ್ಮ ಬೆಳ್ಳಗಾಗತೊಡಗಿತು. ಸುಮಂಗಲಾ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದಲ್ಲಿ ಕೆಂಪು ಮರಳಲಿಲ್ಲ.

"ಉರೀತದೇನ್ ಶರಣಮ್ಮ?"

"ಉರಿಯಲ್ರಿ ಅಕ್ಕಾರ, ಕಣ್ಣಿನ ಹಿಂದ ಯಾರೋ ಹಗ್ಗ ಹಾಕಿ ಜಗ್ಗಿದಂಗ ಆಗ್ಲಿಕತ್ತದ."

"ಅಷ್ಟು ಇರ್ತದ. ಕಡಿಮಿ ಆಗ್ತದ ತಗೋ."

ಸುಮಂಗಲಾ ಹೇಳಿದ್ದೇನೋ ಹೌದು. ಆದರೆ ಎರಡು ದಿನದ ತರಬೇತಿಯಲ್ಲಿ ಹೀಗೆ ಬಿಳಿಚಿಕೊಂಡ ಮುಖವನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ.

ಮರಾಠಿ ಊರಿನ ಕೊಂಢವಾ ಬಡಾವಣೆಯಲ್ಲಿ ಸುಮಂಗಲಾ ನಡೆಸುವ ಬ್ಯೂಟಿ ಪಾರ್ಲರಿನ ನೆಲ ಒರೆಸುವ ಶರಣಮ್ಮನ ಎಡಗೆನ್ನೆಯ ಗಾಯದ ಗುರುತಿಗೆ ಇಪ್ಪತ್ತು ವರ್ಷ. ಯಾದಗಿರಿ ಕಡೆಯಿಂದ ಗಂಡನೊಡನೆ ಕಟ್ಟಡದ ಕೆಲಸಕ್ಕೆ ಬಂದ ಹೊಸತರಲ್ಲಿ, ಮೇಲಿನಿಂದ ಬಿದ್ದ ಸೆಂಟ್ರಿಂಗ್ ಹಲಗೆ ಕೆನ್ನೆಯನ್ನು ಸೀಳಿತ್ತು. ಅದಕ್ಕಾಗಿ ಅವಳು ಎಂದೂ ಕೊರಗಿದವಳಲ್ಲ. ಅದನ್ನು ಅಳಿಸುವುದು ಬೇಕಾಗಿದ್ದುದು ಸುಮಂಗಲೆಗೆ. ಎದುರು ರಸ್ತೆಯಲ್ಲಿ ದೊಡ್ಡ ಪಾರ್ಲರು ತೆರೆದು ಗಿರಾಕಿಗಳೆಲ್ಲ ಅತ್ತ ಸರಿದ ಮೇಲೆ, ಅವಳು ಸುಕ್ಕು, ಕಲೆ ತುಂಬಿಸುವ ಫಿಲ್ಲರ್ ಚುಚ್ಚುವುದನ್ನು ಕಲಿತು ಬಂದಿದ್ದಳು. ಗೋಡೆಗೆ ಹಾಕಲು ಮೊದಲಿನದೊಂದು, ಆಮೇಲಿನದೊಂದು ಫೋಟೋ ಬೇಕಿತ್ತು. "ಫುಕಟ್ ಮಾಡ್ತೀನಿ, ರೊಕ್ಕ ಬ್ಯಾಡ. ಐದು ವರ್ಷ ಹಾಂಗೇ ಇರ್ತದ" ಎಂದು ವಾರವಿಡೀ ಬೆನ್ನುಬಿದ್ದಿದ್ದಳು. "ನನ್ನ ಮಾರಿ ಯಾರ್ ನೋಡ್ತಾರ್ರಿ?" ಎಂದು ನಗುತ್ತಿದ್ದ ಶರಣಮ್ಮ ಕೊನೆಗೆ ಅಕ್ಕಾರ ಮಾತು ಮೀರಲಾರದೆ ಕುರ್ಚಿಯಲ್ಲಿ ಕೂತಿದ್ದಳು.

ಅರ್ಧ ಗಂಟೆಯಲ್ಲಿ ಬಿಳುಪಿನ ಸುತ್ತ ನೀಲಿ ಗೆರೆಗಳೆದ್ದು ಕಣ್ಣಿನ ಕೆಳಗಿನವರೆಗೆ ಹಬ್ಬಿದವು. ತರಬೇತಿ ಕೊಟ್ಟ ಪ್ರಲ್ಹಾದ ಸರ್‌ಗೆ ಸುಮಂಗಲಾ ಮೇಲಿಂದ ಮೇಲೆ ಫೋನು ಮಾಡಿದಳು. ಮೊದಲು ಎತ್ತಲಿಲ್ಲ, ಆಮೇಲೆ ಫೋನೇ ಬಂದ್ ಆಯಿತು. ಮತ್ತೂ ಒಂದು ತಾಸು ಬಿಸಿನೀರಿನ ಬಟ್ಟೆಯೊತ್ತಿ ಕಾದಳು. ಕೊನೆಗೆ ಶಟರ್ ಎಳೆದು ಶರಣಮ್ಮನನ್ನು ರಿಕ್ಷಾ ಹತ್ತಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಏನಾಯಿತೆಂದು ಮರಾಠಿಯಲ್ಲಿ ಕೇಳಿದರು. ಸುಮಂಗಲಾ ಪರ್ಸನ್ನು ಮಡಿಲಿಗೆ ಎಳೆದುಕೊಂಡಳು. ಶರಣಮ್ಮನೇ ತನ್ನ ಹರಕುಮುರುಕು ಮರಾಠಿಯಲ್ಲಿ, ಒದ್ದೆ ನೆಲದ ಮೇಲೆ ಜಾರಿ ಬಿದ್ದೆ ಎಂದುಬಿಟ್ಟಳು. ಆಮೇಲೆ ಸುಮಂಗಲೆಯ ಕೈ ಅದುಮಿ ಕನ್ನಡದಲ್ಲಿ ಪಿಸುಗುಟ್ಟಿದಳು: "ನೀವು ಸುಮ್ಕಿರ್ರಿ. ಅಂಗಡಿ ಬಂದ್ ಮಾಡಿಸ್ತಾರ."

ಡಾಕ್ಟರಮ್ಮ ನೋವಿನ ಗುಳಿಗೆ ಬರೆಯತೊಡಗಿದರು. ಒಂದು ಸಾಲು ಮುಗಿಯಿತು. ಎರಡನೆಯದು ಅರ್ಧವಾದಾಗ ಸುಮಂಗಲಾ ಪರ್ಸಿನಿಂದ ಖಾಲಿ ಸಿರಿಂಜ್ ತೆಗೆದು ಮೇಜಿನ ಮೇಲಿಟ್ಟಳು.

"ಬಿದ್ದದ್ದಲ್ಲ. ನಾನು ಚುಚ್ಚಿದ್ದು," ಎಂದಳು ಮರಾಠಿಯಲ್ಲಿ. "ಐದು ವರ್ಷ ಇರುವ ಫಿಲ್ಲರ್."

ಡಾಕ್ಟರಮ್ಮನ ಪೆನ್ನು ನಿಂತಿತು. "ಸಾದಾ ಫಿಲ್ಲರ್ ಆಗಿದ್ದರೆ ಕರಗಿಸಲು ಇಂಜೆಕ್ಷನ್ ಇದೆ. ಇದಕ್ಕಿಲ್ಲ. ಕಣ್ಣಿಗೆ ಹೋಗುವ ರಕ್ತನಾಳ ಕಟ್ಟಿರಬಹುದು. ಚುಚ್ಚಿ ಎಷ್ಟು ಹೊತ್ತಾಯಿತು?"

"ಎರಡು ತಾಸು."

ಅವರು ಕಣ್ಣಿನ ಡಾಕ್ಟರಿಗೆ ಫೋನು ಹಚ್ಚುತ್ತ ಹೊರಗೆ ಓಡಿದರು.

"ಯಾಕ್ ಹೇಳಿದ್ರಿ ಅಕ್ಕಾರ," ಎಂದಳು ಶರಣಮ್ಮ. ಸಿಟ್ಟಿರಲಿಲ್ಲ. ಸೆರಗಿನ ತುದಿಯಿಂದ ಬಲಗಣ್ಣು ಮುಚ್ಚಿ ಒರೆಸಿಕೊಳ್ಳುತ್ತಿದ್ದವಳ ಕೈ ಅಲ್ಲೇ ನಿಂತಿತು. ಎಡಗಣ್ಣು ತೆರೆದೇ ಇತ್ತು.

"ಲೈಟ್ ಹೋದವೇನ್ರಿ?"

ಕಿಟಕಿಯಿಂದ ಬಂದ ಮಧ್ಯಾಹ್ನದ ಬಿಸಿಲು ಅವಳ ಮಡಿಲ ತುಂಬ ಬಿದ್ದಿತ್ತು.