ಬದುವಿನ ಮೇಲೆ ನಲವತ್ತು ಕಡ್ಡಿ

ಹೊಳೆನರಸೀಪುರದಿಂದ ಗೊಬ್ಬರದ ಗಿಡದ ನಲವತ್ತು ಕಡ್ಡಿ ತಂದು ಹರದನಹಳ್ಳಿಯ ಚನ್ನಪ್ಪಗೌಡರಿಗೆ ಕೊಟ್ಟವನು ನಾನೇ. ೧೯೬೧ರ ಮುಂಗಾರು, ನಾನು ಅಲ್ಲಿನ ಗ್ರಾಮಸೇವಕ. ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಸೊಪ್ಪನ್ನು ಕೆಸರಿಗೆ ತುಳಿದರೆ ಭತ್ತಕ್ಕೆ ಒಳ್ಳೆಯದು ಎಂದು ಕಲಿತದ್ದನ್ನೆಲ್ಲ ಹೇಳಿ, "ಬದುವಿನ ಮೇಲೆ ನೆಡಿ" ಎಂದಿದ್ದೆ. ಯಾವ ಬದು ಎಂದು ಹೇಳಿರಲಿಲ್ಲ.

ಗೌಡರು ನೆಟ್ಟದ್ದು ತಮ್ಮ ಗದ್ದೆಗೂ ಬೋರಪ್ಪನ ಗದ್ದೆಗೂ ನಡುವಿನ ಬದುವಿನ ಮೇಲೆ. ಗೌಡರು ನೀರು ಮುಟ್ಟದ ಕೇರಿಯವನಾದ ಬೋರಪ್ಪನಿಗೆ ಆ ಒಂದೂವರೆ ಎಕರೆ ಸರ್ಕಾರಿ ಜಮೀನು ದರಖಾಸ್ತಿನಲ್ಲಿ ಸಿಕ್ಕಿ ನಾಲ್ಕು ವರ್ಷವಾಗಿತ್ತು.

"ವರ್ಸ ವರ್ಸ ನಾಟಿಗೆ ಮುಂಚೆ ಗೌಡ್ರು ಬದ ಕೆತ್ತಿ ನಮ್ ಕಡೀಕೆ ಮಣ್ಣಾಕ್ತಾರೆ ಸಾ," ಎಂದ ಬೋರಪ್ಪ. "ಬದ ನಡ್ಕೊಂಡು ಬತ್ತಾ ಅದೆ. ಈಗ ಅದ್ಕೆ ಬೇರು ಬುಡುಸ್ತಾವ್ರೆ. ನೀವೇ ಯೋಳಿದ್ರಂತೆ?"

ಗೌಡರು ನನ್ನನ್ನು ಬಳಸಿಕೊಂಡರೇ? ಅಥವಾ ಬೋರಪ್ಪ ಸುಮ್ಮನೆ ಹೆದರುತ್ತಿದ್ದಾನೆಯೇ? ತಿಳಿಯದೆ, ನೋಡೋಣ ಎಂದಷ್ಟೇ ಹೇಳಿ ಕಳಿಸಿದೆ.

ಹದಿನೈದು ದಿನಕ್ಕೆ ಗೌಡರೇ ಬಂದರು. "ಬಂದು ನೋಡಿ ಸೇವಕ್ರೇ. ನಿಮ್ ಕಡ್ಡಿಗೆ ಕಾಲು ಬಂದವೆ."

ಕಡ್ಡಿಗಳೆಲ್ಲ ಗೌಡರ ಕಡೆಗೆ ಎರಡು ಗೇಣು ಸರಿದು, ಅಲ್ಲೇ ಚಿಗುರುತ್ತಿದ್ದವು. ಕಿತ್ತು ನೆಟ್ಟವನು ತಾನೇ ಎಂದು ಬೋರಪ್ಪ ಒಪ್ಪಿಕೊಂಡ. ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ. ಪೊದೆ ಸವರಿ ಗಡಿಯ ಎರಡು ಬಾಂದು ಕಲ್ಲುಗಳನ್ನೂ ಹುಡುಕಿ, ನಡುವೆ ಇಬ್ಬರ ಕೈಲೂ ಹಗ್ಗ ಹಿಡಿಸಿದೆ.

ಹಗ್ಗ ಬಿದ್ದದ್ದು ಕಡ್ಡಿಗಳಿಂದ ಇನ್ನೂ ಒಂದು ಮೊಳ ಆಚೆ, ಗೌಡರು ಉತ್ತಿದ್ದ ಕೆಸರಿನ ಮೇಲೆ. ಬೋರಪ್ಪ ತನ್ನದಾದಷ್ಟು ದೂರ ಸರಿಸುವ ಧೈರ್ಯವನ್ನೂ ಮಾಡಿರಲಿಲ್ಲ.

"ಗಾಳಿಗೆ ಅಗ್ಗ ಬಾಗ್ಯದೆ," ಎಂದರು ಗೌಡರು.

"ಎಲ್ ಬುದ್ದಿ ಗಾಳಿ? ನಿಮ್ ಟವಲ್ಲೇ ಅಳ್ಳಾಡ್ತಿಲ್ಲ."

"ಲೇ ಬೋರ, ಮಾತು ಜಾಸ್ತಿಯಾಯ್ತು." ಗೌಡರು ನನ್ನ ಕಡೆ ತಿರುಗಿದರು. "ನೀವೇನಂತೀರಿ?"

"ಹಗ್ಗ ಇರೋ ಕಡೆ ಬದು ಕಟ್ಟಬೇಕು ಗೌಡರೇ. ಕಡ್ಡಿ, ಅದರ ಸೊಪ್ಪು, ಬೋರಪ್ಪನವು."

"ಇವ್ನ ಮನೇಲಿ ನೀರು ಕುಡುದ್ರಂತಲ್ಲ, ಆಗ್ಲೇ ಅನ್ಕಂಡೆ." ಗೌಡರು ಹಗ್ಗದ ತುದಿ ಬಿಟ್ಟು ಹೊರಟುಹೋದರು.

ಬೋರಪ್ಪ ಹಗ್ಗದ ಗುರುತು ಅಳಿಯುವ ಮುಂಚೆಯೇ ಗುದ್ದಲಿ ಹಿಡಿದು ಕೆಸರಿಗಿಳಿದ.

"ಬದ ಆಗೋಗಂಟ ಇಲ್ಲೇ ನಿಂತಿರಿ ಸಾ."

ನಿಂತೆ. ನಾಲ್ಕು ಗುದ್ದಲಿ ಮಣ್ಣಿಗೊಮ್ಮೆ ಅವನು ತಲೆಯೆತ್ತಿ, ನಾನು ಇದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದ.