ಹಾಸದೆ ಬಿಟ್ಟ ಮಂಚ

"ಎಲ್ಲಿ ಉಳ್ಕೋತೀಯ?" ಎಂದು ಹೆರ್ದಿಸ್ ಫೋನಿನಲ್ಲಿ ಕೇಳಿದ್ದೇ ತಡ, ಗುನ್ವೋರಳ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಕೇಳಿದವಳು ಒಡಹುಟ್ಟಿದ ಅಕ್ಕ. ನಲವತ್ತು ವರ್ಷದಿಂದ ಓಸ್ಲೋದಲ್ಲಿದ್ದಾಳೆ, ಬರುವ ಶನಿವಾರ ಅವಳಿಗೆ ಎಪ್ಪತ್ತು ತುಂಬುತ್ತದೆ. ದೇಶದ ತುತ್ತತುದಿಯ ವಾರ್ಡೊ ದ್ವೀಪದಿಂದ ತಂಗಿ ಬರುತ್ತೇನೆ ಎಂದರೆ "ನಮ್ಮನೇಲೇ ಇರು" ಅನ್ನಬೇಕಲ್ಲವೇ? ಅನ್ನಲಿಲ್ಲ. ಅಥವಾ ಎಲ್ಲಿ ಎಂದು ಕೇಳಿದ್ದೇ ಕರೆದ ಹಾಗೋ? ಗುನ್ವೋರಳಿಗೆ ತಿಳಿಯಲಿಲ್ಲ. "ನೋಡ್ತೀನಿ" ಅಂದುಬಿಟ್ಟಳು. ಅಕ್ಕ "ಸರಿ" ಅಂದಳು. ನಮ್ಮ ಜನರ ಮಾತು ಅಲ್ಲಿಗೆ ಮುಗಿಯಿತು. ಒಂದು ಸಲ ಕೇಳಿದ್ದನ್ನು ಇನ್ನೊಂದು ಸಲ ಕೇಳಿದರೆ ಎಲ್ಲಿ ಮೈಮೇಲೆ ಬಿದ್ದಂತಾಗುತ್ತದೋ ಎಂದು ಹೆದರಿ ಸಾಯುವ ಜನ ನಾವು.

ಐದು ವರ್ಷದ ಹಿಂದೆ ಅಮ್ಮನ ಅಂತ್ಯಕ್ರಿಯೆಗೆ ಹೆರ್ದಿಸ್ ವಾರ್ಡೊಗೆ ಬಂದಿದ್ದಳು. ಗುನ್ವೋರ್ ಮಹಡಿಯ ಕೋಣೆ ತೊಳೆದು, ಬಿಳಿ ಹಾಸುಬಟ್ಟೆಗೆ ಇಸ್ತ್ರಿ ಹಾಕಿ ಹಾಸಿ, ಮಂಚದ ಮೇಲೆ ಎರಡು ಟವೆಲ್ ಮಡಚಿಟ್ಟಿದ್ದಳು. ಅಕ್ಕ ದೊಡ್ಡ ಚೀಲ ಹೊತ್ತು ಮೇಲೆ ಹೋದಳು, ಐದೇ ನಿಮಿಷದಲ್ಲಿ ಅದೇ ಚೀಲದೊಂದಿಗೆ ಕೆಳಗಿಳಿದಳು. "ನಾನು ಹೋಟೆಲಲ್ಲೇ ಇರ್ತೀನಿ ಕಣೇ, ನಿಂಗ್ಯಾಕೆ ತೊಂದರೆ." ಹೆತ್ತ ಮಗಳೇ ಅಮ್ಮನ ಮನೆ ಬಿಟ್ಟು ಬಂದರಿನ ಹೋಟೆಲಿಗೆ ನಡೆದದ್ದನ್ನು ಊರೆಲ್ಲ ನೋಡಿತು. ಆಮೇಲೆ ಕ್ರಿಸ್‌ಮಸ್‌ಗೊಂದು ಕಾರ್ಡು, ಅಷ್ಟೇ. ಈ ಸಲ ಅಕ್ಕನನ್ನು ಮರಳಿ ಪಡೆಯಬೇಕು ಎಂದೇ ಗುನ್ವೋರ್ ಹೊರಟಿದ್ದಳು. ಹೋಟೆಲಿಗೆ ಹೋದರೆ ಸೇಡು ತೀರಿಸಿದಂತೆ, ಹೇಳದೆ ಕೇಳದೆ ಮನೆಗೆ ನುಗ್ಗಿದರೆ ಬೇಡದವಳು ಬಂದಂತೆ.

ಗಂಡ ಅರ್ನ್‌ಫಿನ್ ಎದುರು ಕೂತು, ಅವಳು ಫೋನಿನಲ್ಲಿ ಉಳಿಯುವ ಜಾಗ ಹುಡುಕುವುದನ್ನು ಕಾಫಿ ಹೀರುತ್ತ ಮಜಾ ನೋಡುತ್ತಿದ್ದ.

"ಸ್ಟೇಷನ್ ಹತ್ರ ಹೋಟೆಲ್ ನೋಡು. ಒಂದು ರಾತ್ರಿಗೆ ಕೇಳೋದ್ರಲ್ಲಿ ನಮಗೆ ಅರ್ಧ ಚಳಿಗಾಲದ ಕಾಫಿ ಬರುತ್ತೆ," ಅಂದಳು ಗುನ್ವೋರ್.

"ಮತ್ತೆ ಅಗ್ಗದ್ದು?"

"ಅದಕ್ಕೆ ಕಿಟಕೀನೇ ಇಲ್ಲ. ಮಂಚ ಬಿಟ್ರೆ ನಿಲ್ಲೋಕೂ ಜಾಗ ಇಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಮಾರಾಯ್ತಿ. ಅಲ್ಲಿ ಗೋಡೆ ಇದ್ದಷ್ಟು ಚಾಚು."

"ಇಲ್ಲೊಬ್ಬಳು ತನ್ನ ಮನೇನೇ ಕೊಡ್ತಾಳಂತೆ. ಆದ್ರೆ ಅವಳ ಎರಡು ಬೆಕ್ಕು ನೋಡ್ಕೋಬೇಕು."

"ಅಕ್ಕನ್ನ ನೋಡೋಕೆ ಹೋಗ್ತಿದೀಯೋ, ಬೆಕ್ಕು ಸಾಕೋಕೋ? ಸೀದಾ ಫೋನ್ ಮಾಡಿ ಕೇಳಬಾರದಾ?"

"ಬೇಡ ಅಂದ್ರೆ?"

ಅರ್ನ್‌ಫಿನ್ ಎದ್ದು ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡ. ಅವನೂ ನಮ್ಮವನೇ ತಾನೆ.

ಮೂರು ದಿನ ಅದೇ ಪಾಡು. ಬೆಳಿಗ್ಗೆ ಒಂದು ಜಾಗ ಗೊತ್ತು ಮಾಡುವಳು, ಮಧ್ಯಾಹ್ನಕ್ಕೆ ಬಿಡುವಳು. ಒಂದು ತೀರ ದೂರ, ಇನ್ನೊಂದು ಅಕ್ಕನ ಮನೆಗೆ ತೀರ ಹತ್ತಿರ. ಪಕ್ಕದ ಬೀದಿಯಲ್ಲೇ ಇದ್ದು ಮನೆಗೆ ಬರಲಿಲ್ಲ ಎಂದರೆ ಇನ್ನೂ ಕೆಟ್ಟದ್ದು. ಕೊನೆಗೆ ಊರಾಚೆ ಗುಡ್ಡದ ಮೇಲಿನ ಹಾಸ್ಟೆಲ್‌ನಲ್ಲಿ, ಆರು ಜನರ ಕೋಣೆಯಲ್ಲಿ, ಮೇಲಿನ ಮಂಚ ಹಿಡಿದಳು. ಅರವತ್ಮೂರರ ಹೆಂಗಸು ಏಣಿ ಹತ್ತಿ ಮಲಗುವುದು!

ಹಾಸು-ಹೊದಿಕೆ ತಾವೇ ತಂದರೆ ಹಾಸ್ಟೆಲ್‌ನಲ್ಲಿ ಸ್ವಲ್ಪ ಉಳಿತಾಯ. ಹಾಗೆಂದು ಅಮ್ಮ ಹೆಸರು ಕಸೂತಿ ಹಾಕಿದ್ದ ಹಾಸುಬಟ್ಟೆಯನ್ನೇ ಪೆಟ್ಟಿಗೆಯ ತಳಕ್ಕಿಟ್ಟಳು. ಹಾಸ್ಟೆಲ್‌ಗೆ ಯಾರಾದರೂ ಅದನ್ನು ಒಯ್ಯುತ್ತಾರೆಯೇ? ತನ್ನವರ ಮನೆಗೆ ಹೋಗುವಾಗ ಒಯ್ಯುವ ಬಟ್ಟೆ ಅದು. ತನ್ನವರ ಮನೆಗೆ ಹೋದವರು ಒಗೆಯುವ ಕೆಲಸ ಬಿಟ್ಟು ಬರಬಾರದು ಎಂದು ಅಮ್ಮನೇ ಕಲಿಸಿದ್ದು. ಹಾಸ್ಟೆಲ್‌ಗೆ ಅದೇಕೆ ಎಂದು ಗುನ್ವೋರ್ ಯೋಚಿಸಲು ಹೋಗಲಿಲ್ಲ.

ಶುಕ್ರವಾರ ಮಧ್ಯಾಹ್ನ, ಕಾಫಿ ಕುಡಿದು ಹೋಗುತ್ತೇನೆ ಎಂಬ ನೆಪದಲ್ಲಿ ಪೆಟ್ಟಿಗೆ ಸಮೇತ ಅಕ್ಕನ ಮನೆಯ ನಾಲ್ಕನೇ ಮಹಡಿ ಹತ್ತಿದಳು. ಹೆರ್ದಿಸ್ ಬಾಗಿಲು ತೆಗೆದವಳೇ ಮೊದಲು ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ತಂಗಿಯನ್ನು. ಕಾಫಿ ಬಂತು, ವಾಫಲ್ ಬಂತು, ಕಂದು ಚೀಸ್ ಬಂತು.

"ಎಲ್ಲಿ ಉಳ್ಕೋತಿದೀಯ?"

"ಗುಡ್ಡದ ಮೇಲೆ, ಹಾಸ್ಟೆಲ್ಲಲ್ಲಿ."

"ಓ," ಅಂದಳು ಹೆರ್ದಿಸ್. ಲೋಟವನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದಳು. ಆ 'ಓ' ಸಮಾಧಾನವೋ, ಸಿಟ್ಟೋ, ದೇವರೇ ಬಲ್ಲ.

ಗುನ್ವೋರ್ ಬಚ್ಚಲಿಗೆಂದು ಎದ್ದಳು. ದಾರಿಯಲ್ಲಿ ಒಂದು ಚಿಕ್ಕ ಕೋಣೆಯ ಬಾಗಿಲು ತೆರೆದಿತ್ತು. ಒಳಗೊಂದು ಮಂಚ, ಅದರ ಮೇಲೆ ಬರಿ ಹಾಸಿಗೆ. ಹೊದಿಕೆ ಇಲ್ಲ, ದಿಂಬಿಗೆ ಕವರಿಲ್ಲ, ಒಂದು ಟವೆಲ್ ಕೂಡ ಇಲ್ಲ. ಬಂದರೆ ಇರಲಿ ಎಂದಾದರೂ ಒಂದು ಬಟ್ಟೆ ಹಾಸಿಲ್ಲವಲ್ಲ! ಹಿಂದಿರುಗಿ ಪೆಟ್ಟಿಗೆಗೆ ಕೈ ಹಾಕಿದಳು.

"ಬರ್ತೀನಕ್ಕ."

ಹೆರ್ದಿಸ್ ಅಡ್ಡ ಬಂದು ಪೆಟ್ಟಿಗೆ ಕಸಿದುಕೊಂಡಳು, ಭಾರಕ್ಕೆ ಅವಳ ತೋಳು ಜಗ್ಗಿತು. "ಏನು ತುಂಬ್ಕೊಂಡಿದ್ದೀಯೇ ಇದ್ರಲ್ಲಿ?"

"ಮೀನು. ಮತ್ತೆ ಹಾಸು-ಹೊದಿಕೆ."

"ಯಾವುದು?"

"ಅಮ್ಮಂದು."

ಹೆರ್ದಿಸ್ ತಟಕ್ಕನೆ ತಿರುಗಿದಳು. "ಅಮ್ಮಂದು ಹೊತ್ಕೊಂಡು ಹಾಸ್ಟೆಲ್ಲಿಗೆ ಹೊರಟಿದ್ದೀಯಾ? ಹುಚ್ಚಿ! ನೀನು ಬರ್ತೀನಿ ಅಂದ ದಿನದಿಂದ ಆ ಮಂಚ ಖಾಲಿ ಬಿಟ್ಕೊಂಡು ಕಾಯ್ತಿದೀನಿ ನಾನು."

"ಕಾಯ್ತಿದ್ದೆಯಂತೆ! ಒಂದು ಚಿಂದಿ ಬಟ್ಟೆ ಹಾಸಿಲ್ಲ ಅದರ ಮೇಲೆ."

"ಹಾಸಿಟ್ಟಿದ್ರೆ ಹೊರಗಿನ ಅತಿಥಿಯಾಗ್ತಿದ್ದೆಯಲ್ಲೇ, ನಮ್ಮವರು ತಾವೇ ತಂದು ಹಾಸ್ಕೋತಾರೆ. ನೀನು ನಂಗೆ ಹಾಗೇ ಮಾಡಿದ್ದು." ಅಕ್ಕ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು. "ಅಮ್ಮ ಸತ್ತಾಗ ನಾನೂ ಹಾಸು-ಹೊದಿಕೆ ಹೊತ್ಕೊಂಡೇ ಬಂದಿದ್ದೆ. ಮೇಲೆ ಹೋಗಿ ನೋಡ್ತೀನಿ, ಪಾದ್ರಿಗೆ ಹಾಸಿದ ಹಾಗೆ ಹಾಸಿಟ್ಟಿದೀಯ. ಟವೆಲ್ ಬೇರೆ ಮಡಚಿ! ಅಮ್ಮ ಹೋದ್ಲು, ಇನ್ನು ಈ ಮನೇಲಿ ನಾನು ಹೊರಗಿನವಳು ಅನ್ಕೊಂಡೆ."

ಅಕ್ಕ ಬರುತ್ತಾಳೆಂಬ ಸಂಭ್ರಮಕ್ಕೆ ಗುನ್ವೋರ್ ಎರಡು ದಿನ ಇಸ್ತ್ರಿ ಹಾಕಿದ್ದು ಅದು. ಆ ಇಸ್ತ್ರಿಗೆ ಐದು ವರ್ಷ ಸುಟ್ಟುಹೋಯಿತೇ? ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಅವಳು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು.

ಮೀನಿನ ವಾಸನೆ ಹತ್ತಿದ ಅಮ್ಮನ ಹಾಸುಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಕೊಡವಿದರು.

"ಟವೆಲ್ ಮರೆತೆ ಅಕ್ಕ," ಅಂದಳು ಗುನ್ವೋರ್, ಮೂಗು ಒರೆಸಿಕೊಳ್ಳುತ್ತ.

"ಬಚ್ಚಲಲ್ಲಿ ನಂದು ನೇತಾಡ್ತಿದೆ, ತಗೋ. ಮಡಚಿ ಕೊಡ್ತೀನಿ ಅಂತ ಮಾತ್ರ ಕಾಯಬೇಡ."