ಹತ್ತು ನಿಮಿಷ ಮುಂದಿನ ಗಡಿಯಾರ

ಬಿಳಿ ಕೈಗವಸು ಹಾಕಿದ ಚಿತಾಗಾರದ ಸಿಬ್ಬಂದಿಯವನು ದ್ವಾರಕಾನಾಥನ ಕೈಯಿಂದ ವಾಚು ಬಿಚ್ಚುತ್ತಿದ್ದ. "ಸುಮಿಮಾಸೆನ್," ಎಂದು ಜಪಾನಿಯಲ್ಲಿ ಕ್ಷಮೆ ಕೇಳುತ್ತ ತಲೆಬಾಗಿದ.

"ಗ್ಲಾಸ್, ಮೆಟಲ್ ಒಳಗೆ ಹೋಗ್ಬಾರ್ದಂತೆ, ಅಮ್ಮಾ," ಎಂದಳು ಮಗಳು ಚಿನ್ಮಯಿ.

ಮಾಲತಿ ಗಂಡನ ವಾಚನ್ನು ಈಸಿಕೊಂಡಳು. ಹತ್ತು ನಲವತ್ತೆಂಟು. ಹನ್ನೊಂದಕ್ಕೆ ಮುಚ್ಚುತ್ತಾರೆ ಎಂದು ನಿನ್ನೆಯೇ ತಿಳಿಸಿದ್ದರು. ಮೊನ್ನೆ ರೈಲಿನಲ್ಲಿ ಎದೆ ಹಿಡಿದುಕೊಂಡು ಕುಸಿದವನ ಮುಖ ನೋಡಿ ಒಮ್ಮೆ ಹೆಸರು ಹಿಡಿದು ಕೂಗಬೇಕು, ಅರಸೀಕೆರೆಯಲ್ಲಿರುವ ಅವನ ತಾಯಿ ಅನಸೂಯಮ್ಮನದು ಅದೊಂದೇ ಹಟ. ಮುದುಕಿ ಹೆಚ್ಚು ಹೊತ್ತು ನೋಡುವುದು ಬೇಡವೆಂದು ಮಾಲತಿ ಕೊನೆಯ ಒಂದು ನಿಮಿಷವನ್ನು ಗೊತ್ತುಮಾಡಿದ್ದಳು. ಅಲ್ಲಿ ಏಳು ಇಪ್ಪತ್ತೊಂಬತ್ತು, ಇಲ್ಲಿ ಹತ್ತು ಐವತ್ತೊಂಬತ್ತು.

*

ಸಗಮಿಹಾರಾದ ಪ್ರಯೋಗಾಲಯದಲ್ಲಿ ದ್ವಾರಕಾನಾಥ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ: ದೂರದೂರದ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವುದು.

"ಸಿಗ್ನಲ್ ಹೋಗಿ ವಾಪಸ್ ಬರೋ ಟೈಮಲ್ಲಿ ಅರ್ಧ ಕಳೀಬೇಕು ಕಣೇ. ಇಲ್ಲಾಂದ್ರೆ ಅವರ 'ಈಗ' ಬೇರೆ, ನಮ್ಮ 'ಈಗ' ಬೇರೆ."

"ನಿಮ್ಮಮ್ಮನ ಗಡಿಯಾರದಲ್ಲಿ ಎಷ್ಟು ಕಳೀತೀರಿ?"

ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅನಸೂಯಮ್ಮ ಗೋಡೆ ಗಡಿಯಾರವನ್ನು ಬೇಕೆಂದೇ ಹತ್ತು ನಿಮಿಷ ಮುಂದಿಟ್ಟಿದ್ದರು. ಪ್ರತಿ ರಜೆಯಲ್ಲೂ ಅವನು ಸರಿಮಾಡುವನು. ಅವನು ಹೊರಟೊಡನೆ ಅವರು ಮತ್ತೆ ತಿರುಗಿಸುವರು.

"ಅದು ಮುಂದಿದ್ದಿದ್ಕೇ ಕಣೋ ನೀನು ಸ್ಕೂಲಿಗೆ ಟೈಮಿಗೆ ಹೋಗಿದ್ದು!"

*

ಹತ್ತು ನಲವತ್ತೊಂಬತ್ತಕ್ಕೇ ಫೋನು ಬಂತು. ಪರದೆಯಲ್ಲಿ ಮೈದುನ ಮುಕುಂದ.

"ಇನ್ನೂ ಹತ್ತು ನಿಮಿಷ ಇದ್ಯಲ್ಲೋ!"

"ನಾನೂ ಬಡ್ಕೊಂಡೆ ಅತ್ತಿಗೆ. ಅಮ್ಮ ಮೊಬೈಲ್ ಟೈಮ್ ನಂಬಲ್ಲ. ಗೋಡೆ ನೋಡ್ಬಿಟ್ಟು, ಹಚ್ಚೋ ಫೋನು ಅಂದ್ರು."

ಬೈಯಲು ಬಾಯಿ ತೆರೆದ ಮಾಲತಿ, ಫೋನನ್ನು ಗಂಡನ ಮುಖದ ಮೇಲೆ ಹಿಡಿದಳು. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ದನಿ ಬಂತು.

"ದ್ವಾರಕೀ... ಏಯ್ ದ್ವಾರಕೀ!"

ಬೀದಿಯಲ್ಲಿ ಆಡುತ್ತಿದ್ದವನನ್ನು ಊಟಕ್ಕೆ ಕರೆದ ಹಾಗಿತ್ತು.

ಸಿಬ್ಬಂದಿಯವನು ದನಿ ನಿಲ್ಲುವವರೆಗೆ ತಲೆ ತಗ್ಗಿಸಿ ನಿಂತಿದ್ದ. ಹತ್ತೂ ಐವತ್ತಾಯಿತು. ಶವಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಮತ್ತೆ ಯಾವಾಗ ತೆಗೀತಾರೆ?" ಮಾಲತಿ ಮಗಳನ್ನು ಕೇಳಿದಳು.

"ತೆಗೆಯಲ್ಲ ಅಮ್ಮಾ. ಲೆವೆನ್ ಅಂದಿದ್ದು ಫರ್ನೇಸ್ ಡೋರ್‌ಗೆ."

ಮಾಲತಿ ಗೋಡೆಗೆ ಒರಗಿದಳು. ಅವಳ ಲೆಕ್ಕದಂತೆ ನಡೆದಿದ್ದರೆ ಮುದುಕಿಗೆ ಕಾಣುತ್ತಿದ್ದುದು ಬರೀ ಮರದ ಹಲಗೆ.

ಹನ್ನೊಂದಕ್ಕೆ ಸರಿಯಾಗಿ ಕುಲುಮೆಯ ಬಾಗಿಲು ಮುಚ್ಚಿತು. ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ.

ಬೂದಿಗಾಗಿ ಕಾಯುವ ಕೋಣೆಯಲ್ಲಿ ಕೂತು ಮಾಲತಿ ವಾಚಿನ ಪಕ್ಕದ ಪುಟ್ಟ ತಿರುಪನ್ನು ಉಗುರಿನಿಂದ ಮೀಟಿದಳು. ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ, ತಿರುಪನ್ನು ಒತ್ತಿ, ಬಳೆಗಳ ಮೇಲೆ ಜಾರುತ್ತಿದ್ದ ಆ ದೊಡ್ಡ ವಾಚನ್ನು ಕೈಗೆ ಕಟ್ಟಿಕೊಂಡಳು.